ಗೆರೆಗಿಂತ ಮೊದಲು ಅಳತೆ: ಕಂಪ್ಯೂಟರ್ ಉಡುಪು ವಿನ್ಯಾಸದ ಬಗ್ಗೆ ಓದುಗರ ಪ್ರಶ್ನೆಗಳು

ಕಂಪ್ಯೂಟರಿನಲ್ಲಿ ಉಡುಪು ವಿನ್ಯಾಸ ಮಾಡುವ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಫಿಟ್ಟಿಂಗ್‌ಗೆ ಸಂಬಂಧಿಸಿದವು. ಪರದೆಯ ಮೇಲೆ ಒಪ್ಪವಾಗಿ ಕಂಡ ಉಡುಪು ಹೊಲಿದ ಮೇಲೆ ಬಿಗಿಯಾಯಿತು, ಜೋಲಾಯಿತು, ಉದ್ದ ಸಾಲದಾಯಿತು ಎಂಬ ದೂರುಗಳೇ ಬೇರೆ ಬೇರೆ ಮಾತುಗಳಲ್ಲಿ ಬಂದಿವೆ. ಎಲ್ಲ ಪತ್ರಗಳಿಗೂ ಉತ್ತರಿಸಲು ಸ್ಥಳವಿಲ್ಲದ ಕಾರಣ, ಹಲವರಿಗೆ ಉಪಯೋಗವಾಗಬಹುದಾದ ಕೆಲವನ್ನು ಮಾತ್ರ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ನಾನು ಫ್ಯಾಷನ್ ಡಿಸೈನ್ ವಿದ್ಯಾರ್ಥಿನಿ. ನಾವು ಮೊದಲು ಸ್ಕೆಚ್, ಆಮೇಲೆ ಪ್ಯಾಟರ್ನ್ (ಬಟ್ಟೆ ಕತ್ತರಿಸಬೇಕಾದ ತುಂಡುಗಳ ನಕ್ಷೆ), ಕೊನೆಗೆ ಅಳತೆಗಳನ್ನು ಸರಿಪಡಿಸುವುದು ಎಂಬ ಕ್ರಮದಲ್ಲಿ ಕೆಲಸ ಮಾಡುತ್ತೇವೆ. ಕಂಪ್ಯೂಟರಿನಲ್ಲಿ ಯಾವಾಗ ಬೇಕಾದರೂ ಅಳತೆ ಬದಲಿಸಬಹುದಾದ್ದರಿಂದ ಮೊದಲೇ ಅದಕ್ಕಾಗಿ ಸಮಯ ಕೊಡುವ ಅಗತ್ಯವಿದೆಯೇ? (ಮೈಸೂರು)

ಉತ್ತರ: ಬದಲಿಸಬಹುದು ಎಂಬುದು ನಿಜ. ಆದರೆ ಉಡುಪು ತೊಡಿಸಿ ನೋಡಲು ತಂತ್ರಾಂಶ ಕೊಡುವ ಮನುಷ್ಯಾಕಾರದ ಗೊಂಬೆಯನ್ನು ನೀವು ಪರದೆಗೆ ತಂದು ನಿಲ್ಲಿಸಿದ ಕ್ಷಣದಲ್ಲೇ ಅಳತೆಯೊಂದು ನಿಗದಿಯಾಗಿಬಿಟ್ಟಿರುತ್ತದೆ. ಅದನ್ನು ನಿಗದಿ ಮಾಡಿದವರು ನೀವಲ್ಲ, ಆ ತಂತ್ರಾಂಶವನ್ನು ತಯಾರಿಸಿದವರು. ಕ್ಲೋ, ವಿ-ಸ್ಟಿಚರ್ ಮುಂತಾದ ತಂತ್ರಾಂಶಗಳಲ್ಲಿ ಮೊದಲಿಗೆ ಕಾಣಿಸಿಕೊಳ್ಳುವ ಗೊಂಬೆ ಸಾಮಾನ್ಯವಾಗಿ ಎತ್ತರದ, ತೆಳು ಮೈಕಟ್ಟಿನ ಮಾದರಿ. ಅದರ ಮೇಲೆ ಬರೆದ ಕುತ್ತಿಗೆಯ ಆಳ, ಸೊಂಟದ ಗೆರೆ, ತೋಳಿನ ಉದ್ದ ಎಲ್ಲವೂ ಆ ಮೈಗೆ ಒಪ್ಪುವಂತೆ ಕಣ್ಣಂದಾಜಿನಲ್ಲಿ ಬಿದ್ದ ಗೆರೆಗಳು. ಐದಡಿ ಎತ್ತರದ ಹೆಂಗಸಿಗೆ ಅದೇ ಕುರ್ತಿಯನ್ನು ಹೊಲಿದರೆ ಸೊಂಟದ ಗೆರೆ ಸೀಟಿನ, ಅಂದರೆ ನಿತಂಬದ, ಹತ್ತಿರಕ್ಕೆ ಇಳಿದಿರುತ್ತದೆ, ಪಕ್ಕದ ಸೀಳು ಬೇಡದ ಕಡೆ ಶುರುವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಉಡುಪಿನ ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎದೆಸುತ್ತಳತೆಯನ್ನು ಎರಡು ಇಂಚು ಹೆಚ್ಚಿಸಿದರೆ ಕಂಕುಳಿನ ಬಳಿಯ ಆರ್ಮ್‌ಹೋಲ್ ಗೆರೆ ಉದ್ದವಾಗುತ್ತದೆ; ಅದಕ್ಕೆ ಕೂಡಿಸಬೇಕಾದ ತೋಳಿನ ಮೇಲ್ಭಾಗದ ಕಮಾನು ಬದಲಾಗಬೇಕು; ಕಮಾನು ಬದಲಾದರೆ ತೋಳಿನ ಅಗಲ ಬದಲಾಗುತ್ತದೆ; ತೋಳಿನ ಅಂಚಿನಲ್ಲಿ ಕಸೂತಿಯನ್ನೋ ಪ್ರಿಂಟನ್ನೋ ಕೂರಿಸಿದ್ದರೆ ಅದನ್ನೂ ಮತ್ತೆ ಹೊಂದಿಸಬೇಕು. ಕೊನೆಯ ಹಂತದಲ್ಲಿ ಅಳತೆ ತಿದ್ದುವವರು ಈ ಸರಪಳಿಯ ಒಂದೆರಡು ಕೊಂಡಿಗಳನ್ನು ಮಾತ್ರ ತಿದ್ದಿ ಉಳಿದವನ್ನು ಮರೆಯುವುದೇ ಹೆಚ್ಚು, ಏಕೆಂದರೆ ಪರದೆಯ ಬಟ್ಟೆ ಸಣ್ಣಪುಟ್ಟ ವ್ಯತ್ಯಾಸಗಳನ್ನು ಎಳೆದು ಹೊಂದಿಸಿಕೊಂಡು ಏನೂ ಆಗಿಲ್ಲವೆಂಬಂತೆ ತೋರಿಸುತ್ತದೆ.

ಹಾಗಾದರೆ ಗೆರೆ ಎಳೆಯುವ ಮೊದಲು ಏನೇನು ತಿಳಿದಿರಬೇಕೆಂಬುದನ್ನು ಹತ್ತಿ ಬಟ್ಟೆಯ ಒಂದು ಸಾದಾ ಕುರ್ತಿಯ ಲೆಕ್ಕದಲ್ಲಿ ನೋಡೋಣ. ಹಾಕಿಕೊಳ್ಳುವವರ ಮೈ ಅಳತೆ ಎದೆ 36 ಇಂಚು, ಸೀಟು 39 ಇಂಚು, ತೋಳಿನ ಮೇಲ್ಭಾಗದ ಸುತ್ತಳತೆ 11 ಇಂಚು ಎಂದಿಟ್ಟುಕೊಳ್ಳಿ. ಇದಕ್ಕೆ ನಮ್ಮ ದರ್ಜಿಗಳು ಲೂಸಿಂಗ್ ಎಂದು ಕರೆಯುವ ಸಡಿಲವನ್ನು ಸೇರಿಸಬೇಕು. ಹಿಗ್ಗದ ಹತ್ತಿ ಬಟ್ಟೆಯ ಆರಾಮದ ಕುರ್ತಿಗೆ ಎದೆಯಲ್ಲಿ 4, ಸೀಟಿನಲ್ಲಿ 4, ತೋಳಿನಲ್ಲಿ 2 ಇಂಚು ಎಂದು ನಿರ್ಧರಿಸಿದರೆ, ಹೊಲಿದು ಮುಗಿದ ಉಡುಪಿನ ಅಳತೆ ಎದೆ 40, ಸೀಟು 43, ತೋಳು 13 ಆಯಿತು. ಉದ್ದ 42 ಇಂಚು ಬೇಕೆಂದು ತೀರ್ಮಾನವಾಯಿತು. ಈಗ ಬಟ್ಟೆಯ ಸರದಿ. ಕೊಳ್ಳಬೇಕೆಂದಿರುವ ಬಟ್ಟೆಯ ತುಂಡೊಂದರ ಮೇಲೆ 50 ಸೆಂಟಿಮೀಟರಿನ ಚೌಕ ಗುರುತಿಸಿ, ಗಿರಾಕಿಗಳು ಮನೆಯಲ್ಲಿ ಒಗೆಯುವಂತೆಯೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಬೇಕು. ಹಾಸಿನ (ಬಟ್ಟೆಯ ಉದ್ದನೆಯ ಎಳೆಗಳ) ಉದ್ದಕ್ಕೆ 48, ಅಡ್ಡಕ್ಕೆ 49 ಸೆಂಟಿಮೀಟರ್ ಉಳಿದರೆ ಕುಗ್ಗುವಿಕೆ ಉದ್ದಕ್ಕೆ 4, ಅಡ್ಡಕ್ಕೆ 2 ಪ್ರತಿಶತ. ಆಗ 42ನ್ನು 0.96ರಿಂದ ಭಾಗಿಸಿ ಉದ್ದವನ್ನು ನಲವತ್ತಮೂರು ಮುಕ್ಕಾಲು ಇಂಚಿಗೂ, 40ನ್ನು 0.98ರಿಂದ ಭಾಗಿಸಿ ಎದೆಯನ್ನು ಸುಮಾರು 40.8 ಇಂಚಿಗೂ ಬರೆದುಕೊಳ್ಳಬೇಕು. ಬಟ್ಟೆಯನ್ನು ಕತ್ತರಿಸುವ ಮುನ್ನವೇ ನೆನೆಸಿ ಒಣಗಿಸುವ ಪದ್ಧತಿ ನಿಮ್ಮದಾದರೆ ಈ ಕೊನೆಯ ಲೆಕ್ಕ ಬೇಡ. ಹಿಗ್ಗುವ ಹೆಣಿಗೆ ಬಟ್ಟೆಯಾದರೆ ಲೆಕ್ಕವೇ ತಲೆಕೆಳಗಾಗುತ್ತದೆ: ಲೆಗ್ಗಿಂಗ್ಸ್‌ನಂಥ ಉಡುಪು ಮೈ ಅಳತೆಗಿಂತ ಚಿಕ್ಕದಾಗಿಯೇ ಇರಬೇಕು.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಮೇಲೆ ಸ್ಕೆಚ್ಚಿಗೆ ಕುಳಿತರೆ ಕಲ್ಪನೆಗೇನೂ ಧಕ್ಕೆಯಾಗುವುದಿಲ್ಲ. ಮೊದಲ ಒರಟು ಚಿತ್ರವನ್ನು ಕಾಗದದ ಮೇಲೆ ಮನಸ್ಸಿಗೆ ಬಂದಂತೆ ಬರೆಯುವುದಕ್ಕೂ ಯಾರ ಅಡ್ಡಿಯೂ ಇಲ್ಲ. ಪರದೆಯಲ್ಲಿ ಪ್ಯಾಟರ್ನಿನ ಮೊದಲ ಗೆರೆ ಬೀಳುವ ಹೊತ್ತಿಗೆ ಹಾಳೆ ಸಿದ್ಧವಾಗಿದ್ದರೆ ಸಾಕು.

ಪ್ರಶ್ನೆ: ಸೀರೆಯ ಬ್ಲೌಸೊಂದನ್ನು ಕ್ಲೋ ತಂತ್ರಾಂಶದಲ್ಲಿ ವಿನ್ಯಾಸ ಮಾಡಿದೆ. ಗೊಂಬೆಯ ಎದೆ ಅಳತೆ 36 ಇಂಚು. ಬ್ಲೌಸನ್ನು 37 ಇಂಚಿಗೆ ಬರೆದಾಗ ಬಿಗಿತ ತೋರಿಸುವ ನಕ್ಷೆಯಲ್ಲಿ ಕೆಂಪು ಬಂತು. ಕೆಂಪು ಹೋಗುವವರೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಮುಕ್ಕಾಲು ಇಂಚು ಸೇರಿಸಿದೆ, ತೋಳನ್ನೂ ಹಾಗೆಯೇ ಸಡಿಲಿಸಿದೆ. ಹೊಲಿಸಿದಾಗ ಬ್ಲೌಸ್ ಜೋಲಾಯಿತು. ತೋಳಂತೂ ಬೇರೆಯವರ ಬ್ಲೌಸಿನಂತೆ ಕಾಣುತ್ತಿದೆ. ದರ್ಜಿ ಪ್ಯಾಟರ್ನಿನಂತೆಯೇ ಕತ್ತರಿಸಿದ್ದಾರೆ. ದೋಷ ಎಲ್ಲಿದೆ? (ಬೆಂಗಳೂರು)

ಉತ್ತರ: ನಿಮ್ಮ ದರ್ಜಿಯದೂ ಅಲ್ಲ, ಪ್ಯಾಟರ್ನಿನ ಗೆರೆಗಳದೂ ಅಲ್ಲ. ಪರದೆಯ ಬಟ್ಟೆ ಗೊಂಬೆಯ ಮೈಯೊಳಗೆ ಹೊಕ್ಕು ಹೋಗದಂತೆ ತಡೆಯಲು ಇಂಥ ತಂತ್ರಾಂಶಗಳು ಗೊಂಬೆಯ ಚರ್ಮಕ್ಕೂ ಬಟ್ಟೆಗೂ ನಡುವೆ ಕಾಣದ ಅಂತರವೊಂದನ್ನು ಕಾಯ್ದುಕೊಳ್ಳುತ್ತವೆ. ಸ್ಕಿನ್ ಆಫ್‌ಸೆಟ್ ಎಂಬ ಹೆಸರಿನ ಈ ಅಂತರವನ್ನು ನೀವು ಮುಟ್ಟದಿದ್ದರೆ ಅದು ಸಾಮಾನ್ಯವಾಗಿ 3 ಮಿಲಿಮೀಟರ್ ಇರುತ್ತದೆ. ಕೇಳಲು ಅತ್ಯಲ್ಪ ಎನಿಸುತ್ತದೆ. ಆದರೆ ಇದು ಮೈಯ ಸುತ್ತಲೂ ಹರಡಿರುವ ಅಂತರ. ಶಾಲೆಯಲ್ಲಿ ಕಲಿತ ವೃತ್ತದ ಪರಿಧಿಯ ಸೂತ್ರವನ್ನು ನೆನಪಿಸಿಕೊಳ್ಳಿ: ತ್ರಿಜ್ಯ 3 ಮಿಲಿಮೀಟರ್ ಹೆಚ್ಚಿದರೆ ಪರಿಧಿ 3ನ್ನು 2ರಿಂದಲೂ 3.14ರಿಂದಲೂ ಗುಣಿಸಿದಷ್ಟು, ಅಂದರೆ ಸುಮಾರು 19 ಮಿಲಿಮೀಟರ್, ಹೆಚ್ಚಾಗುತ್ತದೆ. ಅದು ಮುಕ್ಕಾಲು ಇಂಚು. ನೀವು ಕೆಂಪು ಹೋಗಲೆಂದು ಸೇರಿಸಿದ್ದೂ ಸರಿಯಾಗಿ ಅಷ್ಟೇ.

ತೋಳು ಎಲ್ಲಕ್ಕಿಂತ ಹೆಚ್ಚು ಜೋಲಾದುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಪರಿಧಿಯ ಈ ಹೆಚ್ಚಳ ಮೂಲ ಸುತ್ತಳತೆಯನ್ನು ಅವಲಂಬಿಸಿಲ್ಲ. 36 ಇಂಚಿನ ಎದೆಗೂ ಮುಕ್ಕಾಲು ಇಂಚು, 11 ಇಂಚಿನ ತೋಳಿಗೂ ಮುಕ್ಕಾಲು ಇಂಚು. ಎದೆಯಲ್ಲಿ ಅದು ನೂರಕ್ಕೆ ಎರಡರಷ್ಟಾದರೆ ತೋಳಿನಲ್ಲಿ ನೂರಕ್ಕೆ ಏಳರಷ್ಟಾಗುತ್ತದೆ. ಸಡಿಲವಾದ ಕುರ್ತಿಯಲ್ಲಿ, ಅಂಗಿಯಲ್ಲಿ ಯಾರೂ ಇದನ್ನು ಗಮನಿಸುವುದಿಲ್ಲ. ಒಟ್ಟು ಲೂಸಿಂಗೇ ಒಂದು, ಒಂದೂವರೆ ಇಂಚಿನಷ್ಟಿರುವ ಸೀರೆಯ ಬ್ಲೌಸಿನಲ್ಲಿ ಮಾತ್ರ ಈ ಸಣ್ಣ ಅಂಕಿ ಇಡೀ ಫಿಟ್ಟಿಂಗನ್ನು ನುಂಗಿಬಿಡುತ್ತದೆ. ಹೊರದೇಶಗಳ ಉಡುಪುಗಳನ್ನು ಕಣ್ಮುಂದಿಟ್ಟುಕೊಂಡು ಬರೆದ ಪಾಠಗಳಲ್ಲಿ ಇದರ ಪ್ರಸ್ತಾಪ ವಿರಳವಾಗಿರುವುದಕ್ಕೆ ಬಹುಶಃ ಇದೇ ಕಾರಣ. ಮೈಗೆ ಅಂಟಿ ಕೂರಬೇಕಾದರೂ ಹಿಗ್ಗದ ಬಟ್ಟೆಯಲ್ಲಿ ಹೊಲಿಯಬೇಕಾದ ನಮ್ಮ ಬ್ಲೌಸಿನಂಥ ಉಡುಪು ಅಲ್ಲಿ ದಿನಬಳಕೆಯದಲ್ಲ.

ಈ ಅಂತರವನ್ನು ಸೊನ್ನೆ ಮಾಡುವುದು ಪರಿಹಾರವಲ್ಲ; ಬಟ್ಟೆ ಅಲ್ಲಲ್ಲಿ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಒಂದು ಮಿಲಿಮೀಟರಿಗೆ ಇಳಿಸಿ, ಪಾರ್ಟಿಕಲ್ ಡಿಸ್ಟೆನ್ಸ್ ಎಂಬ, ಪರದೆಯ ಬಟ್ಟೆಯನ್ನು ರೂಪಿಸುವ ಜಾಲದ ಬಿಂದುಗಳ ನಡುವಿನ ಅಂತರವನ್ನು 20 ಮಿಲಿಮೀಟರಿನಿಂದ 5ರ ಸುಮಾರಿಗೆ ತಂದರೆ ವ್ಯತ್ಯಾಸ ಕಾಲು ಇಂಚಿಗೆ ಇಳಿಯುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ತಾಳ್ಮೆ ಬೇಕು. ಇದಕ್ಕಿಂತ ಮುಖ್ಯವಾದ ಅಭ್ಯಾಸವೆಂದರೆ, ಬ್ಲೌಸಿನ ಎದೆ 37 ಎಂದು ಮೊದಲೇ ಬರೆದಿಟ್ಟಿದ್ದರೆ ಪರದೆಯ ಬಣ್ಣ ಏನೇ ಹೇಳಿದರೂ ಪ್ಯಾಟರ್ನಿನ ಚಪ್ಪಟೆ ತುಂಡುಗಳನ್ನು ಹೊಲಿಗೆ ಗೆರೆಯಿಂದ ಹೊಲಿಗೆ ಗೆರೆಗೆ ಅಳೆದು, ಮೊತ್ತ 37 ಆಗುತ್ತದೆಯೇ ಎಂದು ನೋಡುವುದು. ಬಿಗಿತದ ನಕ್ಷೆ ಎಲ್ಲಿ ಎಳೆತವಿದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಎಷ್ಟು ಇಂಚು ಬಿಡಬೇಕೆಂಬುದನ್ನು ಅದರ ಕೈಗೆ ಕೊಡಬಾರದು.

ಬಟ್ಟೆಯ ಗುಣಗಳನ್ನೂ ಒಮ್ಮೆ ಪರೀಕ್ಷಿಸಿ. ಅಸ್ತರ್ ಹಾಕಿದ ಬ್ಲೌಸಿಗೆ ತಂತ್ರಾಂಶದಲ್ಲಿರುವ ಹಿಗ್ಗುವ ಬಟ್ಟೆಯೊಂದನ್ನು ಆರಿಸಿದ್ದರೆ ಫಲಿತಾಂಶ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ. ಗೊಂಬೆಯ ಕೈಗಳನ್ನು ಮೇಲಕ್ಕೆತ್ತಿಸಿಯೂ ನೋಡಬೇಕು, ಏಕೆಂದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವರಿಗೆ ಕಂಕುಳಿನ ಆಕಾರ ಎಷ್ಟು ಮುಖ್ಯ ಎಂಬುದು ಕೈ ಇಳಿಬಿಟ್ಟು ನಿಂತ ಗೊಂಬೆಯಿಂದ ತಿಳಿಯದು.

ಪ್ರಶ್ನೆ: ನಾನು ಬಹಳ ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಈಗ ಮಗ ಕಂಪ್ಯೂಟರಿನಲ್ಲಿ ಕಟಿಂಗ್ ಮಾಡುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಟೇಪಿನಲ್ಲಿ ಅಳೆಸಿಕೊಳ್ಳುವುದಿಲ್ಲ, ಅಳತೆ ಬ್ಲೌಸ್ ಕೊಟ್ಟು ಹೋಗುತ್ತಾರೆ. ಆ ಬ್ಲೌಸಿನ ಅಳತೆಯನ್ನೇ ಕಂಪ್ಯೂಟರಿಗೆ ಹಾಕಿದರೆ ಒಂದು ಇಂಚು ದೊಡ್ಡದಾಗಿ ಬರುತ್ತಿದೆ. ಮಗ ನನ್ನ ಟೇಪು ಸರಿಯಿಲ್ಲ ಎನ್ನುತ್ತಾನೆ. (ದಾವಣಗೆರೆ)

ಉತ್ತರ: ತಮ್ಮ ಟೇಪು ಸರಿಯಾಗಿಯೇ ಇದೆ. ಅಳತೆ ಬ್ಲೌಸಿನಲ್ಲಿ ಲೂಸಿಂಗ್ ಆಗಲೇ ಸೇರಿರುತ್ತದೆ. ಹುಕ್ಕು ಹಾಕಿ, ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದಾಗ ಹದಿನೆಂಟೂವರೆ ಬಂದರೆ ಉಡುಪಿನ ಸುತ್ತಳತೆ 37. ಅದನ್ನು ಹಾಕಿಕೊಳ್ಳುವವರ ಮೈ ಬಹುಮಟ್ಟಿಗೆ 36. ಮಗ ಆ 37ನ್ನು ಮೈ ಅಳತೆಯ ಜಾಗದಲ್ಲಿ ತುಂಬುತ್ತಿದ್ದಾರೆ, ತಂತ್ರಾಂಶ ಅದರ ಮೇಲೆ ತನ್ನ ಲೂಸಿಂಗ್ ಇನ್ನೊಂದು ಇಂಚು ಸೇರಿಸುತ್ತಿದೆ. ಅಳತೆ ಹಾಳೆಯಲ್ಲಿ ಮೈ ಅಳತೆ ಮತ್ತು ಉಡುಪಿನ ಅಳತೆ ಎಂದು ಎರಡು ಬೇರೆ ಕಾಲಂ ಮಾಡಿ, ಅಳತೆ ಬ್ಲೌಸಿನಿಂದ ಬಂದದ್ದನ್ನೆಲ್ಲ ಎರಡನೆಯದರಲ್ಲಿ ಮಾತ್ರ ಬರೆಯಲು ಅವರಿಗೆ ಹೇಳಿ. ಸೂತ್ರದಲ್ಲಿ ಲೂಸಿಂಗ್ ಎಂಬ ಅಂಕಿ ಇರುವ ಕಡೆ ಅಂಥ ಗಿರಾಕಿಗಳಿಗೆ ಸೊನ್ನೆ ಹಾಕಿದರೂ ಕೆಲಸ ನಡೆಯುತ್ತದೆ.

ಆದರೂ ಅಳತೆ ಬ್ಲೌಸನ್ನೇ ಪೂರ್ತಿ ನಂಬುವಂತಿಲ್ಲ ಎಂಬುದು ತಮಗೆ ಹೇಳಿಕೊಡಬೇಕಾದ ಮಾತಲ್ಲ. ಹಲವು ಸಲ ಒಗೆದ ಬ್ಲೌಸು ಕುಗ್ಗಿರುತ್ತದೆ, ಕಂಕುಳಿನ ಬಳಿ ಎಳೆದಿರುತ್ತದೆ, ಪಕ್ಕದ ಹೊಲಿಗೆಯನ್ನು ಯಾವಾಗಲೋ ಬಿಚ್ಚಿ ಬಿಟ್ಟಿರುತ್ತಾರೆ. ಕನಿಷ್ಠ ಎದೆ, ಭುಜದಿಂದ ಎದೆಯ ತುದಿಗೆ ಇರುವ ಉದ್ದ, ಎರಡು ತುದಿಗಳ ನಡುವಿನ ಅಂತರ ಈ ಮೂರನ್ನಾದರೂ ಮೈ ಮೇಲೆ ಅಳೆಯುವುದು ಒಳ್ಳೆಯದು. ಡಾಟ್, ಅಂದರೆ ಮೈಯ ಉಬ್ಬಿಗೆ ತಕ್ಕಂತೆ ಬಟ್ಟೆಯನ್ನು ಮಡಿಸಿ ಹೊಲಿಯುವ ಚೂಪು ಮಡಿಕೆ, ಎಲ್ಲಿ ನಿಲ್ಲಬೇಕೆಂಬುದು ಕೊನೆಯ ಎರಡರಿಂದ ತೀರ್ಮಾನವಾಗುತ್ತದೆ.

ಇಲ್ಲಿ ಮಗನಿಗೆ ಹೇಳಬೇಕಾದ ಮಾತೊಂದಿದೆ. ಒಂದು ಭುಜ ಇಳಿದಿದೆ, ಬೆನ್ನು ಬಾಗಿದೆ, ಹೊಟ್ಟೆ ಮುಂದಿದೆ ಎಂದು ದರ್ಜಿ ಅಳತೆ ಪುಸ್ತಕದ ಮೂಲೆಯಲ್ಲಿ ಹಾಕಿಕೊಳ್ಳುವ ಗುರುತುಗಳಿಗೆ ಪರದೆಯ ಗೊಂಬೆಯಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಸೊಂಟದ ಸುತ್ತಳತೆ 34 ಎಂದು ಬರೆದರೆ ಗೊಂಬೆ ಸುತ್ತಲೂ ಸಮನಾಗಿ ಉಬ್ಬಿಕೊಂಡು 34 ಆಗುತ್ತದೆ. ಆ 34ರಲ್ಲಿ ಹೆಚ್ಚಿನ ಪಾಲು ಮುಂದಿದೆಯೋ ಪಕ್ಕದಲ್ಲಿದೆಯೋ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಮುಂಭಾಗದ ಉದ್ದವನ್ನೂ ಬೆನ್ನಿನ ಉದ್ದವನ್ನೂ ಬೇರೆ ಬೇರೆಯಾಗಿ ಅಳೆದು, ಮುಂದಿನ ಅಗಲ ಹಿಂದಿನ ಅಗಲಗಳನ್ನೂ ಬೇರೆಯಾಗಿಯೇ ಬರೆದುಕೊಳ್ಳಬೇಕು. ತಾವು ಬಾಯಲ್ಲಿ ಹೇಳುವ ಬಾಗು ಎಷ್ಟೆಂಬುದು ಆ ವ್ಯತ್ಯಾಸದಲ್ಲಿ ಅಂಕಿಯಾಗಿ ಸಿಗುತ್ತದೆ, ಮತ್ತು ಅಂಕಿಯಾದರೆ ಕಂಪ್ಯೂಟರಿಗೂ ಅದು ತಿಳಿಯುತ್ತದೆ.

ಪ್ರಶ್ನೆ: ನಾನು ಮನೆಯಿಂದಲೇ ಕುರ್ತಿಗಳನ್ನು ವಿನ್ಯಾಸ ಮಾಡಿ ಆನ್‌ಲೈನಿನಲ್ಲಿ ಮಾರುತ್ತೇನೆ. ಹೊರದೇಶದ ಕಂಪನಿಯೊಂದರ ಸೈಜ್ ಚಾರ್ಟ್ ಅನುಸರಿಸುತ್ತೇನೆ. 36ರ ಪ್ಯಾಟರ್ನ್ ಸರಿ ಮಾಡಿಕೊಂಡು ಉಳಿದ ಸೈಜುಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಳ್ಳುತ್ತೇನೆ. 40 ಮತ್ತು 42ರ ಸೈಜುಗಳು ಹೆಚ್ಚಾಗಿ ವಾಪಸ್ ಬರುತ್ತಿವೆ. ಭುಜ ಜಾರುತ್ತದೆ ಎನ್ನುತ್ತಾರೆ. (ಶಿವಮೊಗ್ಗ)

ಉತ್ತರ: ಚಾರ್ಟಿಗಿಂತ ಮೊದಲು ನೀವು ದೊಡ್ಡದು ಮಾಡಿಕೊಳ್ಳುವ ವಿಧಾನವನ್ನೇ ನೋಡಬೇಕು. 36ರ ಪ್ಯಾಟರ್ನನ್ನು ಚಿತ್ರದಂತೆ ಹಿಡಿದೆಳೆದು 42 ಮಾಡಿದರೆ ಎಲ್ಲವೂ ನೂರಕ್ಕೆ ಹದಿನೇಳರಷ್ಟು ಬೆಳೆಯುತ್ತವೆ. ಹದಿನಾಲ್ಕೂವರೆ ಇಂಚಿದ್ದ ಭುಜ ಸುಮಾರು ಹದಿನೇಳಕ್ಕೆ ಹೋಗುತ್ತದೆ. 17 ಇಂಚಿದ್ದ ತೋಳಿನ ಉದ್ದ 20ರ ಹತ್ತಿರ ಬರುತ್ತದೆ. ಎದೆ ಆರು ಇಂಚು ದೊಡ್ಡದಿರುವ ಹೆಂಗಸಿನ ಕೈ ಮೂರು ಇಂಚು ಉದ್ದವಾಗಿರುವುದಿಲ್ಲ, ಭುಜದ ಮೂಳೆ ಎರಡೂವರೆ ಇಂಚು ಅಗಲವಾಗಿರುವುದಿಲ್ಲ. ಮೈ ತುಂಬಿಕೊಳ್ಳುವುದು ಸುತ್ತಳತೆಯಲ್ಲಿ. ಎಲುಬಿನ ಚೌಕಟ್ಟು ಅಷ್ಟಾಗಿ ಬದಲಾಗದು.

ಆದ್ದರಿಂದ ಗ್ರೇಡಿಂಗ್, ಅಂದರೆ ಒಂದು ಸೈಜಿನ ಪ್ಯಾಟರ್ನಿನಿಂದ ಉಳಿದ ಸೈಜುಗಳನ್ನು ಮಾಡುವುದು, ಪ್ರತಿ ಅಳತೆಗೂ ಬೇರೆ ಬೇರೆ ಹೆಜ್ಜೆ. ಎದೆ, ಸೊಂಟ, ಸೀಟು ಪ್ರತಿ ಸೈಜಿಗೆ 2 ಇಂಚು ಹೆಚ್ಚಿದರೆ, ಕಾಲು ಭಾಗದ ತುಂಡಿನಲ್ಲಿ ಅದು ಅರ್ಧ ಇಂಚು. ಪೂರ್ತಿ ಭುಜದ ಅಗಲಕ್ಕೆ ಕಾಲು ಇಂಚಿನಿಂದ ಮುಕ್ಕಾಲಿನೊಳಗೆ ಎಷ್ಟೆಂಬುದನ್ನು ನಿಮ್ಮ ಗಿರಾಕಿಗಳನ್ನು ನೋಡಿ ತೀರ್ಮಾನಿಸಬೇಕು. ಕಾಲು ಇಂಚೆಂದು ಹಿಡಿದರೆ 42ರ ಭುಜ 15.25ರಲ್ಲಿ ನಿಲ್ಲುತ್ತದೆ. ಕುತ್ತಿಗೆಗೆ ಅದಕ್ಕಿಂತ ಕಡಿಮೆ. ಕುರ್ತಿಯ ಉದ್ದವನ್ನು ಎಲ್ಲ ಸೈಜಿಗೂ ಒಂದೇ ಇಡುವವರೂ ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಗ್ರೇಡಿಂಗಿನ ಸೌಲಭ್ಯ ಇರುತ್ತದೆ. ಈ ಹೆಜ್ಜೆಗಳ ಪಟ್ಟಿಯನ್ನು ಮೊದಲ ಸೈಜಿನ ಪ್ಯಾಟರ್ನ್ ಬರೆಯುವಾಗಲೇ ಅದರಲ್ಲಿ ತುಂಬಿಬಿಟ್ಟರೆ, ಆಮೇಲೆ ಕುತ್ತಿಗೆಯ ಆಕಾರ ತಿದ್ದಿದಾಗ ಎಲ್ಲ ಸೈಜುಗಳಲ್ಲೂ ತಾನಾಗಿ ತಿದ್ದುಪಡಿಯಾಗುತ್ತದೆ. ಮತ್ತೊಂದು ಸಂಗತಿ: ಮೂಲ ಪ್ಯಾಟರ್ನಿಗೆ ನಿಮ್ಮ ಸೈಜುಗಳ ನಡುವಿನದನ್ನು, 38 ಅಥವಾ 40ನ್ನು, ಆರಿಸಿಕೊಳ್ಳಿ. ಒಂದು ತುದಿಯ ಸೈಜಿನಿಂದ ಹೊರಟರೆ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಸಣ್ಣ ತಪ್ಪುಗಳೆಲ್ಲ ಕೂಡಿ ದೊಡ್ಡದಾಗಿರುತ್ತವೆ.

ಇನ್ನು ಚಾರ್ಟಿನ ಮಾತು. ಮೀಡಿಯಂ ಎಂದರೆ ಇಷ್ಟೇ ಇಂಚು ಎಂದು ಕಂಪನಿಗಳನ್ನು ಕಟ್ಟಿಹಾಕುವ ನಿಯಮ ನಮ್ಮಲ್ಲಿಲ್ಲ. ನಮ್ಮ ಬ್ರ್ಯಾಂಡುಗಳು ಬಹುಕಾಲ ಅಮೆರಿಕ, ಯೂರೋಪುಗಳ ಚಾರ್ಟುಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸಿಕೊಂಡು ಬಂದಿವೆ. ಈ ಕೊರತೆಯನ್ನು ನೀಗಿಸಲೆಂದೇ ಕೇಂದ್ರ ಜವಳಿ ಸಚಿವಾಲಯದ ಅಡಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು, ಅಂದರೆ ನಿಫ್ಟ್, ಇಂಡಿಯಾಸೈಜ್ ಯೋಜನೆಯನ್ನು ಕೈಗೆತ್ತಿಕೊಂಡಿತು. 15ರಿಂದ 65 ವರ್ಷದೊಳಗಿನ 25 ಸಾವಿರ ಗಂಡಸರು ಮತ್ತು ಹೆಂಗಸರ ಮೈ ಅಳತೆಯನ್ನು ದೇಶದ ಬೇರೆ ಬೇರೆ ಭಾಗಗಳ ಆರು ನಗರಗಳಲ್ಲಿ ತ್ರೀಡಿ ಸ್ಕ್ಯಾನರಿನಿಂದ ತೆಗೆಯುವುದು ಅದರ ಮೂಲ ಯೋಜನೆ. ಅಳತೆಯನ್ನು ಮೈಯ ಯಾವ ಬಿಂದುವಿನಿಂದ ಯಾವ ಬಿಂದುವಿಗೆ ತೆಗೆಯಬೇಕು ಎಂಬುದಕ್ಕೆ ಐಎಸ್‌ಒ 8559 ಎಂಬ ಅಂತಾರಾಷ್ಟ್ರೀಯ ಮಾನಕವೂ ಇದೆ. ಇವೆಲ್ಲ ಇದ್ದರೂ ನಿಮ್ಮಂಥ ಸಣ್ಣ ಉದ್ಯಮಕ್ಕೆ ಎಲ್ಲಕ್ಕಿಂತ ಬೆಲೆಯುಳ್ಳ ದಾಖಲೆ ವಾಪಸ್ ಬಂದ ಪಾರ್ಸೆಲ್ಲುಗಳು ಎಂಬುದು ನನ್ನ ಅಭಿಪ್ರಾಯ. ಯಾವ ಸೈಜು, ಯಾವ ಜಾಗದಲ್ಲಿ, ಬಿಗಿಯೋ ಸಡಿಲವೋ ಎಂಬ ಮೂರನ್ನು ಪ್ರತಿ ಸಲವೂ ಬರೆದಿಡಿ. ಮಾರಾಟದ ಪುಟದಲ್ಲಿ ಮೈ ಅಳತೆಯನ್ನೂ ಉಡುಪಿನ ಅಳತೆಯನ್ನೂ ಎರಡು ಸಾಲುಗಳಲ್ಲಿ ಬೇರೆಯಾಗಿ ಹಾಕಿ. 40 ಎಂದು ಬರೆದಿರುವುದು ಎದೆಯೋ ಕುರ್ತಿಯೋ ಎಂದು ತಿಳಿಯದೆ ಕೊಂಡವರೇ ಹಲವರಿರುತ್ತಾರೆ.

ಪ್ರಶ್ನೆ: ಗುಳೇದಗುಡ್ಡದ ಖಣದಿಂದ ಬ್ಲೌಸ್ ಮತ್ತು ಸಣ್ಣ ಜಾಕೆಟ್ಟುಗಳನ್ನು ಮಾಡಿಸುತ್ತೇವೆ. ಕಂಪ್ಯೂಟರಿನಲ್ಲಿ ನೋಡಿದಾಗ ಅಂಚು ಮತ್ತು ಬುಟ್ಟಿ (ನೇಯ್ಗೆಯ ಸಣ್ಣ ಚಿತ್ತಾರ) ಚೆನ್ನಾಗಿ ಕೂರುತ್ತವೆ. ಕತ್ತರಿಸಲು ಕುಳಿತರೆ ಬಟ್ಟೆ ಸಾಲುವುದಿಲ್ಲ, ಮುಂಭಾಗದ ಬುಟ್ಟಿಗಳು ಹುಕ್ಕಿನ ಕಡೆ ಒಂದಕ್ಕೊಂದು ಸೇರುವುದಿಲ್ಲ. (ಬಾಗಲಕೋಟೆ)

ಉತ್ತರ: ಮಿಲ್ಲಿನ ಬಟ್ಟೆಯಾದರೆ 44 ಅಥವಾ 58 ಇಂಚು ಅಗಲ ಸಿಗುತ್ತದೆಂಬ ಧೈರ್ಯದಲ್ಲಿ ಪ್ಯಾಟರ್ನ್ ಬರೆದು ಆಮೇಲೆ ಬಟ್ಟೆ ಹುಡುಕಬಹುದು. ಖಣದ ವಿಷಯದಲ್ಲಿ ಅದು ನಡೆಯುವುದಿಲ್ಲ. ಕುಬಸಕ್ಕೆಂದೇ ನೇಯುತ್ತಾ ಬಂದ ಬಟ್ಟೆ ಅದು; ಅಗಲ ಕಿರಿದು, ಎರಡೂ ಅಂಚುಗಳು ನೇಯ್ಗೆಯಲ್ಲೇ ಬಂದಿರುತ್ತವೆ. ಹಾಗಾಗಿ ನಿಮ್ಮ ಅಳತೆ ಹಾಳೆಯಲ್ಲಿ ಮೈ ಅಳತೆಗಿಂತ ಮೇಲಿನ ಸಾಲಿನಲ್ಲಿ ಖಣದ ಅಗಲ, ಅಂಚಿನ ಅಗಲ, ಒಂದು ಬುಟ್ಟಿಯ ನಡುವಿನಿಂದ ಮುಂದಿನ ಬುಟ್ಟಿಯ ನಡುವಿಗೆ ಇರುವ ಅಂತರ ಇವು ಮೂರೂ ಇರಬೇಕು. ಕೈಮಗ್ಗದ ಬಟ್ಟೆಯಾದ್ದರಿಂದ ಪ್ರತಿ ಹೊಸ ಕಂತನ್ನೂ ಅಳೆಯಬೇಕು. ಆ ಅಗಲದ ಆಯತವೊಂದನ್ನು ಪ್ಯಾಟರ್ನ್ ಕಿಟಕಿಯಲ್ಲಿ ಬರೆದು, ಹೊಲಿಗೆಗೆ ಬಿಡುವ ಅಂಚುಗಳೂ ಸೇರಿದಂತೆ ಎಲ್ಲ ತುಂಡುಗಳೂ ಅದರೊಳಗೆ ಕೂರುತ್ತವೆಯೇ ಎಂದು ಮೊದಲೇ ನೋಡಿ. ಕೂರದಿದ್ದರೆ ಎಲ್ಲಿ ತುಂಡು ಜೋಡಿಸಬೇಕು, ಎಲ್ಲಿ ಪ್ರಿನ್ಸೆಸ್ ಕಟ್ (ಎದೆಯ ಮೇಲಿಂದ ಕೆಳಕ್ಕೆ ಹಾಯುವ ಉದ್ದನೆಯ ಹೊಲಿಗೆ) ತರಬೇಕು ಎಂಬುದು ವಿನ್ಯಾಸದ ನಿರ್ಧಾರವಾಗುತ್ತದೆ. ಕತ್ತರಿ ಹಿಡಿದಾಗ ಬಂದರೆ ಅದು ತೇಪೆಯಾಗುತ್ತದೆ.

ಪರದೆಯಲ್ಲಿ ಬುಟ್ಟಿ ಚೆನ್ನಾಗಿ ಕೂತಂತೆ ಕಾಣಲು ಬಟ್ಟೆಯ ಚಿತ್ರದ ಗಾತ್ರ ತಪ್ಪಾಗಿರುವುದೇ ಕಾರಣವಿರಬಹುದು. ಖಣವನ್ನು ಸ್ಕ್ಯಾನ್ ಮಾಡುವಾಗ ಪಕ್ಕದಲ್ಲಿ ಸ್ಕೇಲು ಇಟ್ಟು, ಚಿತ್ರದ ಅಗಲ ನಿಜವಾಗಿ ಎಷ್ಟು ಸೆಂಟಿಮೀಟರ್ ಎಂಬುದನ್ನು ತಂತ್ರಾಂಶಕ್ಕೆ ಕೊಡಬೇಕು. ಹುಕ್ಕಿನ ಕಡೆಯ ಸಮಸ್ಯೆಗೆ ಕಾರಣ ಬೇರೆ. ಹುಕ್ಕಿನ ಪಟ್ಟಿ ಒಂದರ ಮೇಲೊಂದು ಬರುವುದರಿಂದ ಬಟ್ಟೆ ಕತ್ತರಿಸುವ ಅಂಚು ಮೈಯ ನಡುಗೆರೆಗಿಂತ ಅರ್ಧ, ಮುಕ್ಕಾಲು ಇಂಚು ಆಚೆ ಇರುತ್ತದೆ. ಬುಟ್ಟಿಯನ್ನು ಆ ಅಂಚಿಗೆ ಹೊಂದಿಸಿದರೆ ಹುಕ್ಕು ಹಾಕಿದಾಗ ಅದು ಒಳಗೆ ಮುಚ್ಚಿಹೋಗುತ್ತದೆ. ಎಡ ಬಲ ಎರಡೂ ತುಂಡುಗಳಲ್ಲಿ ನಡುಗೆರೆಯನ್ನು ಬರೆದು, ಬುಟ್ಟಿಯನ್ನು ಆ ಗೆರೆಗೆ ಹೊಂದಿಸಿ.

ಪ್ರಶ್ನೆ: ದೊಡ್ಡ ತಂತ್ರಾಂಶಗಳ ಚಂದಾ ಕಟ್ಟುವ ಶಕ್ತಿ ನಮ್ಮ ಮಹಿಳಾ ಸಂಘಕ್ಕಿಲ್ಲ. ಬೇರೆ ದಾರಿ ಇದೆಯೇ? (ಹಾಸನ)

ಉತ್ತರ: ಸೀಮ್ಲಿ-ಟೂಡಿ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಬಳಸಿ ನೋಡಿ. ಅದರಲ್ಲಿ ಗೊಂಬೆಯಿಲ್ಲ, ಬಟ್ಟೆ ಅಲುಗಾಡುವುದಿಲ್ಲ, ಪ್ಯಾಟರ್ನಿನ ಗೆರೆಗಳಷ್ಟೇ. ಅಳತೆಗಳನ್ನು ಪ್ರತ್ಯೇಕ ಕಡತದಲ್ಲಿ ತುಂಬಿ, ಎದೆಯ ಕಾಲು ಭಾಗ ಮತ್ತು ಒಂದು ಇಂಚು ಎಂಬಂಥ ಸೂತ್ರಗಳಿಂದ ಗೆರೆ ಎಳೆಯುವುದು ಅದರ ಕ್ರಮ. ಅಳತೆಯ ಕಡತ ಬದಲಿಸಿದರೆ ಅದೇ ಪ್ಯಾಟರ್ನ್ ಇನ್ನೊಬ್ಬರ ಮೈಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಶಾಲಾ ಸಮವಸ್ತ್ರ, ಲಂಗ ಬ್ಲೌಸ್, ನೈಟಿ ಹೊಲಿಯುವ ಸಂಘಕ್ಕೆ ಇದು ಧಾರಾಳ ಸಾಕು. ಕಲಿಯುವವರಿಗಂತೂ ಗೊಂಬೆಯ ತಂತ್ರಾಂಶಕ್ಕಿಂತ ಇದನ್ನೇ ಮೊದಲು ಕಲಿಯಿರಿ ಎಂದು ಸಲಹೆ ಕೊಡುತ್ತೇನೆ, ಏಕೆಂದರೆ ಅಳತೆ ತುಂಬದೆ ಹೊರಟರೆ ಸೂತ್ರಗಳಿಗೆ ಆಧಾರವೇ ಇರುವುದಿಲ್ಲ.

ಪ್ರಶ್ನೆ: ಪಿಡಿಎಫ್ ಪ್ಯಾಟರ್ನನ್ನು ಎ-ಫೋರ್ ಹಾಳೆಗಳಲ್ಲಿ ಮುದ್ರಿಸಿ ಅಂಟಿಸಿದರೆ ಬ್ಲೌಸ್ ಬಿಗಿಯಾಗುತ್ತಿದೆ. ಕಂಪ್ಯೂಟರಿನಲ್ಲಿ ಅಳತೆ ಸರಿಯಾಗಿದೆ. (ಉಡುಪಿ)

ಉತ್ತರ: ಮುದ್ರಣದ ಆಯ್ಕೆಯಲ್ಲಿ ‘ಫಿಟ್ ಟು ಪೇಜ್’ ಎಂದಿರುವುದನ್ನು ತೆಗೆದು ‘ಆಕ್ಚುಯಲ್ ಸೈಜ್’ ಅಥವಾ 100 ಪ್ರತಿಶತ ಎಂದು ಮಾಡಿ. ಹಾಳೆಯ ಅಂಚಿಗೆ ಜಾಗ ಬಿಡಲೆಂದು ಪ್ರಿಂಟರ್ ಚಿತ್ರವನ್ನು 97 ಪ್ರತಿಶತಕ್ಕೆ ಇಳಿಸಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಆದರೆ 37 ಇಂಚಿನ ಬ್ಲೌಸ್ 36ಕ್ಕಿಂತ ಕಡಿಮೆಯಾಗಿ ಲೂಸಿಂಗ್ ಪೂರ್ತಿ ಹೋಗಿರುತ್ತದೆ. ಪ್ಯಾಟರ್ನಿನ ಮೂಲೆಯಲ್ಲಿ 10 ಸೆಂಟಿಮೀಟರಿನ ಚೌಕವೊಂದನ್ನು ಬರೆದಿಟ್ಟು, ಆ ಒಂದು ಹಾಳೆಯನ್ನು ಮಾತ್ರ ಮೊದಲು ಮುದ್ರಿಸಿ, ಚೌಕವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡಿ. ಟೇಪಿನ ಬದಲು ಉಕ್ಕಿನ ಸ್ಕೇಲಿನಿಂದ ಅಳೆಯಿರಿ; ಹಳೆಯ ಟೇಪು ಹಿಗ್ಗಿರುತ್ತದೆ. ಹಾಳೆಗಳನ್ನು ಅಂಟಿಸುವಾಗ ಒಂದೊಂದು ಜೋಡಣೆಯಲ್ಲಿ ಒಂದು ಮಿಲಿಮೀಟರ್ ಒಳಗೆ ಹೋದರೂ ಆರು ಜೋಡಣೆ ದಾಟುವಷ್ಟರಲ್ಲಿ ಕಾಲು ಇಂಚು ಕಳೆದಿರುತ್ತದೆ. ಆದ್ದರಿಂದ ಎಲ್ಲವನ್ನೂ ಅಂಟಿಸಿದ ಮೇಲೆ ಎದೆಗೆರೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಅಳೆದು, ಅಳತೆ ಹಾಳೆಯ ಅಂಕಿಯೊಂದಿಗೆ ತಾಳೆ ನೋಡಿ, ಆಮೇಲೆ ಬಟ್ಟೆ ಕತ್ತರಿಸಿ.